ಹನ್ನೊಂದನೆಯ ದಿನಕ್ಕೆ ಕೈಕೊಡುತ್ತಿದ್ದ ಫ್ರಿಜ್: ವಿಜಯಪುರದ ಒಂದು ಮನೆಯ ಪ್ರಕರಣ

ಇದು ಒಂದೇ ಮನೆಯ, ಒಂದೇ ಫ್ರಿಜ್‌ನ ಪ್ರಕರಣ. ಎರಡೂವರೆ ತಿಂಗಳಲ್ಲಿ ಮೂವರು ಮೆಕ್ಯಾನಿಕ್‌ಗಳು ಅದನ್ನು ಬಿಚ್ಚಿದರು. ಮೂರನೆಯವನು ನಾನು. ಮೂವರು ಮುಟ್ಟಿದ ಮೇಲೂ ಫ್ರಿಜ್ ಚೆನ್ನಾಗಿಯೇ ನಡೆಯಿತು. ಆದರೆ ಮೂವರು ಹಿಡಿದ ದೋಷವೂ ತಪ್ಪು. ತಪ್ಪು ರಿಪೇರಿ ಮಾಡಿದರೂ ಫ್ರಿಜ್ ತಂಪಾಗುವುದು ಹೇಗೆ? ಇದು ಅರ್ಥವಾಗಿದ್ದರೆ ಆ ಮನೆಯವರಿಗೆ ಸಾವಿರಾರು ರೂಪಾಯಿ ಉಳಿಯುತ್ತಿತ್ತು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಮನೆಯವರ ಹೆಸರು, ಓಣಿ, ಫ್ರಿಜ್‌ನ ಕಂಪನಿ ಎಲ್ಲ ಬಿಟ್ಟಿದ್ದೇನೆ.

ಮನೆ ಮತ್ತು ತೊಂದರೆ

ಮನೆಯಲ್ಲಿ ನಾಲ್ಕು ಜನ. ಮನೆಯೊಡತಿ ಶಾಲೆಯಲ್ಲಿ ಟೀಚರ್. ಗಂಡನಿಗೆ ಅಂಗಡಿ. ಒಂಬತ್ತನೇ ಕ್ಲಾಸಿನ ಮಗಳು, ಮತ್ತೆ ಸಕ್ಕರೆ ಕಾಯಿಲೆ ಇರುವ ಅಜ್ಜಿ. ಅಜ್ಜಿಗೆ ದಿನಕ್ಕೆರಡು ಸಲ ಇನ್ಸುಲಿನ್ ಬೇಕು. ಫ್ರಿಜ್ ಎರಡು ಬಾಗಿಲಿನದು, ಫ್ರಾಸ್ಟ್ ಫ್ರೀ, 250 ಲೀಟರ್ ಆಸುಪಾಸು, ಒಂಬತ್ತು ವರ್ಷ ಹಳೆಯದು.

ತೊಂದರೆ ಶುರುವಾದದ್ದು ದೀಪಾವಳಿ ಹೊತ್ತಿಗೆ. ಮೇಲಿನ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗುತ್ತಿತ್ತು. ಕೆಳಗೆ ಮಾತ್ರ ತಂಪೇ ಇಲ್ಲ. ನಾನು ಮೊದಲ ಸಲ ಹೋದಾಗ ಟೀಚರ್ ಅಕ್ಕ ಹೇಳಿದ್ದು ಹೀಗೆ: "ಅಣ್ಣಾರ, ಮ್ಯಾಲ ಐಸ್ ಕಲ್ಲಿನಂಗ ಆಗ್ತೈತ್ರಿ. ತಳಗ ಇಟ್ಟ ಮೊಸರು ಮುಂಜಾನೆಕ್ಕ ಹುಳಿ ಆಗಿರ್ತೈತಿ. ಇದೆಂಥಾ ಫ್ರಿಜ್ರಿ?"

ಥರ್ಮಾಮೀಟರ್ ಇಟ್ಟು ನೋಡಿದೆ. ಮೇಲೆ ಮೈನಸ್ 15 ಡಿಗ್ರಿ. ಕೆಳಗೆ 17 ಡಿಗ್ರಿ.

ಆಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕೆಳಗೆ ತಂಪಿಲ್ಲ ಅಂತ ಅವರು ಅಜ್ಜಿಯ ಹೊಸ ಇನ್ಸುಲಿನ್ ಬಾಟಲಿಗಳನ್ನು ಫ್ರೀಜರ್‌ಗೆ ಸಾಗಿಸಿದ್ದರು. ಒಂದನ್ನು ಬೆಳಕಿಗೆ ಹಿಡಿದರೆ ಒಳಗೆ ಐಸ್ ಕಟ್ಟಿತ್ತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿದರೂ ಅದು ಬಳಕೆಗೆ ಬರುವುದಿಲ್ಲ. ನಾನು ಡಾಕ್ಟರ್ ಅಲ್ಲ, ಆದರೆ ಇಷ್ಟು ಗೊತ್ತಿತ್ತು. ಔಷಧಿ ಅಂಗಡಿಯವರನ್ನು ಕೇಳಿ ಅಂದೆ. ಅವರೂ ಬೇಡವೇ ಬೇಡ ಅಂದರು. ಎರಡು ಬಾಟಲಿ ಎಸೆಯಬೇಕಾಯಿತು. ಹೊಸದಾಗಿ ತಂದದ್ದನ್ನು ಪಕ್ಕದ ಮನೆಯ ಫ್ರಿಜ್‌ನಲ್ಲಿ ಇಟ್ಟರು. ದಿನದ ಬಳಕೆಯ ಬಾಟಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನೀರಿನ ಹರವಿಯೊಳಗೆ ತೇಲಿಬಿಟ್ಟರು. ನಮ್ಮ ಕಡೆಯ ಒಣ ಹವೆಗೆ ಮಣ್ಣಿನ ಹರವಿ ಒಳ್ಳೇ ತಂಪು ಕೊಡುತ್ತದೆ. ಫ್ರಿಜ್ ಕೆಟ್ಟ ಮನೆಗೆ ಹೋದರೆ ಈಗ ನಾನು ಮೊದಲು ಕೇಳುವುದೇ ಇದನ್ನು. ಒಳಗೆ ಔಷಧಿ ಏನಾದರೂ ಇದೆಯಾ ಅಂತ.

ಒಳಗೆ ಆಗುವುದೇನು

ಫ್ರಾಸ್ಟ್ ಫ್ರೀ ಅಂದರೆ ಐಸ್ ಕಟ್ಟುವುದೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಐಸ್ ಕಟ್ಟುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಆಚೆಗೆ ಕೂಲಿಂಗ್ ಕಾಯಿಲ್ ಇರುತ್ತದೆ. ಇಡೀ ಫ್ರಿಜ್‌ಗೆ ತಂಪು ಬರುವುದು ಆ ಒಂದೇ ಕಾಯಿಲ್‌ನಿಂದ. ಅಲ್ಲಿಂದ ಒಂದು ಸಣ್ಣ ಫ್ಯಾನ್ ತಂಪು ಗಾಳಿಯನ್ನು ಫ್ರೀಜರ್‌ಗೆ ಊದುತ್ತದೆ. ಅದರಲ್ಲೇ ಸ್ವಲ್ಪ ಗಾಳಿ ಕೊಳವೆಯ ಮೂಲಕ ಕೆಳಗಿಳಿಯುತ್ತದೆ.

ನಾವು ಬಾಗಿಲು ತೆಗೆದಾಗಲೆಲ್ಲ ಹೊರಗಿನ ಗಾಳಿಯ ತೇವ ಒಳಗೆ ಹೋಗುತ್ತದೆ. ಮುಚ್ಚದೆ ಇಟ್ಟ ಸಾರು, ಪಲ್ಯದ ತೇವವೂ ಅಷ್ಟೇ. ಅದೆಲ್ಲ ಹೋಗಿ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಕರಗಿಸಲೇಬೇಕು. ಇದಕ್ಕೇ ಡಿಫ್ರಾಸ್ಟ್ ಅನ್ನುವುದು. ಆ ಕೆಲಸಕ್ಕೆ ಮೂರು ಭಾಗ ಇವೆ. ಟೈಮರ್ ಹೊತ್ತು ಎಣಿಸಿ ಕಂಪ್ರೆಸರ್ ನಿಲ್ಲಿಸಿ ಹೀಟರ್ ಕಡೆಗೆ ಕರೆಂಟ್ ತಿರುಗಿಸುತ್ತದೆ. ಹೀಟರ್ ಮಂಜನ್ನು ಕರಗಿಸುತ್ತದೆ. ಕಾಯಿಲ್ ಮೇಲೆ ಕೂತ ಬೈಮೆಟಲ್ ಅನ್ನುವ ಸಣ್ಣ ಸ್ವಿಚ್, ಐಸ್ ಕರಗಿ 10 ಡಿಗ್ರಿ ಆಸುಪಾಸು ಆದೊಡನೆ ಹೀಟರ್ ಕಟ್ ಮಾಡುತ್ತದೆ. ಇದರ ಜೊತೆ ಕಾವಲಿಗೆ ಒಂದು ಥರ್ಮಲ್ ಫ್ಯೂಸ್. ಕರಗಿದ ನೀರು ಪೈಪಿನಲ್ಲಿ ಇಳಿದು ಹಿಂದೆ ಕಂಪ್ರೆಸರ್ ಮೇಲಿನ ಟ್ರೇಗೆ ಬೀಳುತ್ತದೆ. ಅಲ್ಲೇ ಬಿಸಿಗೆ ಆರಿಹೋಗುತ್ತದೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮಂಜು ಬೆಳೆಯುತ್ತ ಹೋಗುತ್ತದೆ. ಕಾಯಿಲ್‌ನ ಸಂದುಗಳು ಮುಚ್ಚಿಕೊಳ್ಳುತ್ತವೆ. ಗಾಳಿ ನಿಲ್ಲುತ್ತದೆ. ಮೊದಲು ಸಾಯುವುದು ಕೆಳಗಿನ ತಂಪು, ಯಾಕೆಂದರೆ ಅಲ್ಲಿಗೆ ಗಾಳಿ ಬಿಟ್ಟು ಬೇರೆ ದಾರಿಯಿಂದ ತಂಪು ಬರುವುದಿಲ್ಲ. ಫ್ರೀಜರ್ ಮಾತ್ರ ಕಾಯಿಲ್ ಪಕ್ಕದಲ್ಲೇ ಇರುವುದರಿಂದ ತಂಪಾಗಿಯೇ ಇರುತ್ತದೆ.

ಮೊದಲ ಇಬ್ಬರು ಮಾಡಿದ್ದು

ಮೊದಲು ಬಂದವರು ಗ್ಯಾಸ್ ಕಮ್ಮಿಯಾಗಿದೆ ಅಂದರು. ಗ್ಯಾಸ್ ತುಂಬಿದರು, 2,500 ರೂಪಾಯಿ. ಫ್ರಿಜ್ ತಂಪಾಯಿತು. ಹನ್ನೊಂದು ದಿನ ಕಳೆದ ಮೇಲೆ ಮತ್ತೆ ಮೊಸರು ಹುಳಿ.

ಅವರು ಪ್ಯಾನೆಲ್ ಬಿಚ್ಚಿ ಕಾಯಿಲ್ ನೋಡಿದ್ದರೆ ಆ ಮಾತು ಹೇಳುತ್ತಿರಲಿಲ್ಲ ಅನಿಸುತ್ತದೆ. ಗ್ಯಾಸ್ ಕಮ್ಮಿಯಾದ ಕಾಯಿಲ್‌ನಲ್ಲಿ ಗ್ಯಾಸ್ ಒಳಬರುವ ಮೊದಲ ಒಂದೆರಡು ಸುತ್ತಿಗೆ ಮಾತ್ರ ಮಂಜು ಇರುತ್ತದೆ. ಉಳಿದದ್ದು ಬೋಳು. ಇಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕಟ್ಟಿತ್ತು. ಹಾಗೆ ಕಟ್ಟಬೇಕಾದರೆ ಗ್ಯಾಸ್ ಸರಿಯಾಗಿಯೇ ಹರಿಯುತ್ತಿರಬೇಕು.

ಎರಡನೆಯವರು ಪ್ಯಾನೆಲ್ ಬಿಚ್ಚಿದರು. ಐಸ್ ಕಂಡರು. ಹೀಟರ್ ಸುಟ್ಟಿದೆ ಅಂತ ಹೀಟರ್ ಬದಲಿಸಿದರು. ದಿಕ್ಕು ಸರಿಯಿತ್ತು, ಡಿಫ್ರಾಸ್ಟ್ ಕಡೆಗೆ ಬಂದಿದ್ದರು. ಹಳೆಯ ಹೀಟರ್ ನಿಜಕ್ಕೂ ಸುಟ್ಟಿತ್ತಾ ಅಂತ ನನಗೆ ನೋಡಲು ಸಿಗಲಿಲ್ಲ. 1,400 ರೂಪಾಯಿ ಆಯಿತು. ಈ ಸಲ ಹನ್ನೆರಡು ದಿನ ನಡೆಯಿತು.

ನನ್ನ ಮೊದಲ ಭೇಟಿ

ನಾನು ಹೋದದ್ದು ಸಂಕ್ರಾಂತಿಗೆ ನಾಲ್ಕೈದು ದಿನ ಮುಂಚೆ. ಊರಲ್ಲಿ ಸಿದ್ಧೇಶ್ವರ ಜಾತ್ರೆಯ ತಯಾರಿ ನಡೆದಿತ್ತು. ಮನೆಗೆ ನೆಂಟರು ಬರುವವರಿದ್ದರು, ಅದಕ್ಕೇ ಅವಸರ.

ಪ್ಯಾನೆಲ್ ತೆಗೆದೆ. ಕಾಯಿಲ್ ಕಾಣಲೇ ಇಲ್ಲ, ಬರೀ ಬಿಳಿ ಗೋಡೆ. ಒಂದೇ ದಪ್ಪದಲ್ಲಿ ಐಸ್. ಫ್ಯಾನ್‌ನ ಎಲೆ ಐಸ್‌ಗೆ ತಾಗಿ ಕರ್ ಕರ್ ಅನ್ನುತ್ತಿತ್ತು. ಮಲ್ಟಿಮೀಟರ್ ತೆಗೆದು ಒಂದೊಂದೇ ನೋಡಿದೆ. ಹೀಟರ್ ಮೇಲೆ 150 ವ್ಯಾಟ್ ಅಂತ ಬರೆದಿತ್ತು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 350 ಓಮ್ ಬರಬೇಕು. ಮೀಟರ್ 348 ತೋರಿಸಿತು. ಫ್ಯೂಸ್ ಸರಿ. ಬೈಮೆಟಲ್ ಕೂಡ ಸರಿ.

ಬೈಮೆಟಲ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಬಿಚ್ಚಿ ಟೇಬಲ್ ಮೇಲಿಟ್ಟು ಮೀಟರ್ ಹಿಡಿದರೆ ಓಪನ್, ಅಂದರೆ ಕರೆಂಟ್ ದಾಟುವುದಿಲ್ಲ ಅಂತ ತೋರಿಸುತ್ತದೆ. ಅದು ಕೆಟ್ಟಿಲ್ಲ. ಕೋಣೆಯ ಬಿಸಿಗೆ ಅದು ಓಪನ್ ಇರಲೇಬೇಕು. ಚೆನ್ನಾಗಿ ಮೈನಸ್‌ಗೆ ಹೋದ ಮೇಲೆ ಸೇರಿಕೊಳ್ಳುತ್ತದೆ. ಬರೀ ಐಸ್ ನೀರಿನಲ್ಲಿ ಅದ್ದಿದರೂ ಸಾಲದು, ಅದು ಸೊನ್ನೆ ಡಿಗ್ರಿ ಅಷ್ಟೇ. ಐಸ್‌ಗೆ ಉಪ್ಪು ಬೆರೆಸಿ ಅದರಲ್ಲಿ ಇಡಬೇಕು, ಇಲ್ಲವೇ ಐಸ್ ಕಟ್ಟಿದ ಕಾಯಿಲ್ ಮೇಲೆ ಇದ್ದಂತೆಯೇ ನೋಡಬೇಕು. ಇದು ಗೊತ್ತಿಲ್ಲದೆ ಚೊಲೋ ಬೈಮೆಟಲ್ ಎಷ್ಟೋ ಕಸಕ್ಕೆ ಹೋಗುತ್ತವೆ.

ಆಮೇಲೆ ಟೈಮರ್. ಹಿಂದೆ ಕೆಳಗೆ ಕಂಪ್ರೆಸರ್ ಪಕ್ಕದಲ್ಲಿತ್ತು. ಕಿವಿ ಹಚ್ಚಿದೆ. ಗುಂಯ್ ಅನ್ನುವ ಸಣ್ಣ ಸದ್ದು ಇತ್ತು. ಮೋಟರ್ ಜೀವಂತ ಇದೆ ಅಂದುಕೊಂಡೆ. ಸ್ಕ್ರೂಡ್ರೈವರ್ ಹಾಕಿ ಮೆಲ್ಲಗೆ ತಿರುಗಿಸಿದೆ. ಟಕ್ ಅಂತ ಕಂಪ್ರೆಸರ್ ನಿಂತಿತು. ಹೀಟರ್ ಬಿಸಿಯಾಯಿತು. ಐಸ್‌ನಿಂದ ನೀರು ತೊಟ್ಟಿಕ್ಕಿ ಚುಂಯ್ ಚುಂಯ್ ಅಂದಿತು. ಎಲ್ಲವೂ ಸರಿ!

ಎಲ್ಲ ಸರಿಯಿದ್ದರೆ ಐಸ್ ಯಾಕೆ ಕಟ್ಟಿತು? ಆ ಪ್ರಶ್ನೆಗೆ ಉತ್ತರ ಸಿಗದೆ ಏಳಬಾರದಿತ್ತು. ಅಷ್ಟರಲ್ಲಿ ಫ್ರೀಜರ್ ಬಾಗಿಲಿನ ರಬ್ಬರ್ ಮೂಲೆಯಲ್ಲಿ ಸಡಿಲ ಇದ್ದದ್ದು ಕಂಡಿತು. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ ಸಲೀಸಾಗಿ ಬಂತು. ಇದೇ ಕಾರಣ ಅಂತ ತೀರ್ಮಾನ ಮಾಡಿದೆ. 900 ರೂಪಾಯಿಗೆ ಆ ರಬ್ಬರ್, ಅಂದರೆ ಗ್ಯಾಸ್ಕೆಟ್ ಬದಲಿಸಿದೆ. ಕಣ್ಣಿಗೆ ಕಾಣುವ ದೋಷ ಸಿಕ್ಕಾಗ ಮನಸ್ಸು ಅಲ್ಲೇ ಕೂತುಬಿಡುತ್ತದೆ.

ಈಗ ಯೋಚಿಸಿದರೆ ಐಸ್ ಆವತ್ತೇ ಬೇರೆ ಮಾತು ಹೇಳುತ್ತಿತ್ತು. ರಬ್ಬರ್ ಸಂದಿನಿಂದ ಗಾಳಿ ನುಗ್ಗಿದರೆ ಮಂಜು ಬಾಗಿಲ ಬದಿಗೆ, ಫ್ರೀಜರ್ ಗೋಡೆಗೆ, ಒಳಗಿಟ್ಟ ಪ್ಯಾಕೆಟ್ ಮೇಲೆ ಹಿಟ್ಟು ಉದುರಿಸಿದ ಹಾಗೆ ಕೂರುತ್ತದೆ. ಇಲ್ಲಿ ಫ್ರೀಜರ್ ಒಳಗೋಡೆ ಒಣಗಿ ಚೊಕ್ಕ ಇತ್ತು. ಐಸ್ ಇದ್ದದ್ದು ಪ್ಯಾನೆಲ್ ಹಿಂದೆ ಮಾತ್ರ, ಅದೂ ಒಂದೇ ಸಮ. ಅದು ಡಿಫ್ರಾಸ್ಟ್ ನಡೆಯದ ಲಕ್ಷಣ. ಮೇಲಾಗಿ ಡಿಫ್ರಾಸ್ಟ್ ಸರಿಯಾಗಿ ನಡೆಯುತ್ತಿದ್ದರೆ ಸ್ವಲ್ಪ ರಬ್ಬರ್ ಸಡಿಲ ಇದ್ದರೂ ಆ ಹೆಚ್ಚಿನ ಮಂಜನ್ನು ಅದೇ ಕರಗಿಸಿಕೊಳ್ಳುತ್ತಿತ್ತು.

ಹಾಲಿನ ಲೆಕ್ಕದ ಕ್ಯಾಲೆಂಡರ್

ಜಾತ್ರೆ ಮುಗಿದು ಒಂದು ವಾರಕ್ಕೆ ಫೋನ್ ಬಂತು. ಮತ್ತೆ ಹಾಗೇ ಆಗಿತ್ತು. ಅಕ್ಕ ಸಿಟ್ಟು ಮಾಡಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟಿತು. ಹೋದವನು ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಸುಮ್ನೆ ಕೂತು ಮೊದಲಿಂದ ಏನೇನಾಯಿತು ಹೇಳಿ ಅಂದೆ.

ಅಡುಗೆಮನೆ ಗೋಡೆಗೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ತೂಗುಹಾಕಿತ್ತು. ಮಗಳು ಹಳೆಯ ವರ್ಷದ್ದನ್ನೂ ತಂದು ಹರಡಿದಳು. ಹಾಲಿನ ಅಂಕಿಗಳ ನಡುವೆ ಅಕ್ಕ ಸಣ್ಣಗೆ ಬರೆದಿಟ್ಟಿದ್ದರು: ಗ್ಯಾಸ್, ಹೀಟರ್, ರಬ್ಬರ್. ಕೆಟ್ಟ ದಿನಗಳಿಗೆ ಒಂದು ಇಂಟು ಗುರುತು. ಬೆರಳಿಟ್ಟು ಎಣಿಸಿದೆವು. ಗ್ಯಾಸ್ ಆದ ಮೇಲೆ 11 ದಿನ. ಹೀಟರ್ ಆದ ಮೇಲೆ 12. ರಬ್ಬರ್ ಆದ ಮೇಲೆ 11.

ಆಗ ಹುಡುಗಿ ಅಂದಳು, "ಮಾಮಾ, ನಡುವ ಒಮ್ಮೆ ತಾನ ಚೊಲೋ ಆಗಿತ್ರಿ. ಎಳ್ಳ ಅಮಾಸಿಗೆ ಊರಿಗೆ ಹೋಗಿ ಬಂದ್ವಲ್ಲ, ಆವಾಗ."

ಎಳ್ಳ ಅಮಾವಾಸ್ಯೆಗೆ ಅವರೆಲ್ಲ ಹೊಲದ ಪೂಜೆಗೆ, ಚರಗ ಚೆಲ್ಲಲು ಹಳ್ಳಿಗೆ ಹೋಗಿದ್ದರು. ಮೂರು ದಿನ ಫ್ರಿಜ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟು ಹೋಗಿದ್ದರು. ಬಂದು ಹಾಕಿದರೆ ಫ್ರಿಜ್ ಮಸ್ತ್ ತಂಪು. ಯಾರೂ ಏನೂ ರಿಪೇರಿ ಮಾಡಿರಲಿಲ್ಲ. ಎಣಿಸಿದೆವು. 10 ದಿನ.

ನನಗೆ ಅಲ್ಲಿಗೇ ಎಲ್ಲ ಬಿಚ್ಚಿಕೊಂಡಿತು. ಫ್ರಿಜ್ ಸರಿಹೋಗುತ್ತಿದ್ದದ್ದು ಗ್ಯಾಸ್‌ನಿಂದಲೂ ಅಲ್ಲ, ಹೀಟರ್‌ನಿಂದಲೂ ಅಲ್ಲ, ನನ್ನ ರಬ್ಬರ್‌ನಿಂದಲೂ ಅಲ್ಲ. ಪ್ರತಿ ರಿಪೇರಿಯಲ್ಲೂ ಫ್ರಿಜ್ ಗಂಟೆಗಟ್ಟಲೆ ಬಂದ್ ಇತ್ತು, ಇಲ್ಲವೇ ನಾವೇ ಐಸ್ ಕರಗಿಸಿದ್ದೆವು. ಕಾಯಿಲ್ ಖಾಲಿಯಾಗಿ ಗಾಳಿ ಓಡಾಡಿತು, ತಂಪಾಯಿತು. ಆವತ್ತಿಂದ ಮತ್ತೆ ಮಂಜು ಕೂರಲು ಶುರು. ಹತ್ತು ಹನ್ನೆರಡು ದಿನಕ್ಕೆ ಸಂದು ಮುಚ್ಚಿತು. ವಿಜಯಪುರದ ಚಳಿಗಾಲದ ಒಣ ಹವೆಗೆ ಇಷ್ಟು ದಿನ ಹಿಡಿಯಿತು. ಬೆಳಗಾವಿಯ ಮಳೆಗಾಲವಾಗಿದ್ದರೆ ಇನ್ನೂ ಬೇಗ ಮುಚ್ಚುತ್ತಿತ್ತು.

ಮೊದಲ ದಿನವೇ ನಾನು "ನಡುವೆ ಫ್ರಿಜ್ ಯಾವಾಗಾದರೂ ಬಂದ್ ಇತ್ತಾ, ಆಮೇಲೆ ಹೇಗಿತ್ತು?" ಅಂತ ಕೇಳಿದ್ದರೆ ಸಾಕಿತ್ತು. ಊರಿಗೆ ಹೋಗಿ ಬಂದದ್ದನ್ನು ಮೆಕ್ಯಾನಿಕ್‌ಗೆ ಹೇಳಬೇಕು ಅಂತ ಅವರಿಗೆ ಹೊಳೆಯುವುದು ಹೇಗೆ?

ಪೆನ್ ಗುರುತು

ಹಿಂದಿನ ಟ್ರೇ ಎಳೆದು ನೋಡಿದೆ. ಒಣ ಧೂಳು ಕೂತಿತ್ತು. ಟ್ರೇ ಒಣಗಿರುವುದೇ ದೊಡ್ಡ ಸುಳಿವಲ್ಲ, ನಮ್ಮ ಹವೆಗೆ ನೀರು ಬೇಗ ಆರುತ್ತದೆ. ಆದರೆ ದಿನಾ ನೀರು ಬಿದ್ದು ಆರಿದ ಧೂಳು ಕೆಸರಾಗಿ, ಪದರಾಗಿ ಅಂಟಿಕೊಂಡಿರುತ್ತದೆ. ಇಲ್ಲಿ ಮೇಲಿನ ಧೂಳು ಊದಿದರೆ ಹಾರಿತು. ಅದರ ಅಡಿಯಲ್ಲಿ ನಾನು ಹಿಂದಿನ ಸಲ ಕರಗಿಸಿದ ನೀರಿನ ಕಲೆ ಇತ್ತು. ಅಂದರೆ ಆವತ್ತಿನಿಂದ ಡಿಫ್ರಾಸ್ಟ್ ಹೆಚ್ಚುಕಮ್ಮಿ ನಡೆದೇ ಇಲ್ಲ.

ಹೀಟರ್, ಫ್ಯೂಸ್, ಬೈಮೆಟಲ್ ಮತ್ತೆ ನೋಡಿದೆ. ಮೂರೂ ಸರಿ. ಉಳಿದದ್ದು ಟೈಮರ್. ನಾನು ಕೈಯಿಂದ ತಿರುಗಿಸಿದರೆ ಅದು ಕೆಲಸ ಮಾಡುತ್ತದೆ. ಹಿಂದಿನ ಸಲ ಅಷ್ಟಕ್ಕೇ ಅದನ್ನು ಪಾಸ್ ಮಾಡಿದ್ದೆ. ಆದರೆ ತಿರುಗಿಸಿದ್ದು ನಾನು. ಅದು ತಾನಾಗಿ ತಿರುಗುತ್ತದಾ ಅನ್ನುವುದನ್ನು ನೋಡಿರಲೇ ಇಲ್ಲ.

ಟೈಮರ್‌ನ ತಿರುಗುವ ತುದಿಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದೆ. ಅದಕ್ಕೆ ನೇರವಾಗಿ ಡಬ್ಬಿಯ ಮೇಲೆ ಇನ್ನೊಂದು ಗೆರೆ. ಅದು 8 ಗಂಟೆಗೆ ಒಂದು ಸುತ್ತು ಬರುವ ಟೈಮರ್. ಎರಡು ಗಂಟೆಗೆ ಕಾಲು ಸುತ್ತು ಬರಬೇಕು. ಕೆಲವು ಫ್ರಿಜ್‌ಗಳಲ್ಲಿ ಕಂಪ್ರೆಸರ್ ಓಡುವಾಗ ಮಾತ್ರ ಟೈಮರ್ ಓಡುತ್ತದೆ. ಅದಕ್ಕೆ ಕಂಪ್ರೆಸರ್ ನಡೆಯುತ್ತಿದೆ ಅಂತ ಖಾತ್ರಿ ಮಾಡಿಕೊಂಡು ಕೂತೆ. ಅಜ್ಜಿ ಚಹಾ ಕೊಟ್ಟರು. ಎರಡು ಗಂಟೆ ಕಳೆಯಿತು. ಎರಡೂ ಗೆರೆ ಎದುರುಬದುರೇ ಇದ್ದವು. ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಮೋಟರ್‌ನ ಪಿನ್ನಿಗೆ ಕರೆಂಟ್ ಬರುತ್ತಿತ್ತು. ಗುಂಯ್ ಅನ್ನುವ ಸದ್ದೂ ಇತ್ತು. ಕರೆಂಟೇ ಬರದಿದ್ದರೆ ವೈರಿಂಗ್ ಹುಡುಕಬೇಕಿತ್ತು, ಹೊಸ ಟೈಮರ್ ಹಾಕಿದರೂ ಫಲ ಇರುತ್ತಿರಲಿಲ್ಲ. ಪ್ಲಗ್ ಕಿತ್ತು ಟೈಮರ್ ಬಿಚ್ಚಿ ತೆರೆದೆ. ಒಳಗೆ ಪ್ಲಾಸ್ಟಿಕ್ ಹಲ್ಲುಚಕ್ರಗಳು. ನಡುವಿನ ಒಂದು ಚಕ್ರದಲ್ಲಿ ಎರಡು ಹಲ್ಲು ಸವೆದು ಮುರಿದಿದ್ದವು. ಮೋಟರ್ ಪಕ್ಕದ ಚಕ್ರ ತಿರುಗುತ್ತದೆ, ಮುರಿದ ಜಾಗಕ್ಕೆ ಬಂದಾಗ ಜಾರುತ್ತದೆ, ದೊಡ್ಡ ಚಕ್ರ ಅಲ್ಲೇ ನಿಲ್ಲುತ್ತದೆ. ನಾವು ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ಆ ಜಾಗ ದಾಟಿ ಸ್ವಲ್ಪ ಹೊತ್ತು ನಡೆದು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ನಾನು ಕೇಳಿದ ಸದ್ದು ಸುಳ್ಳಲ್ಲ. ಮೋಟರ್ ನಿಜಕ್ಕೂ ಓಡುತ್ತಿತ್ತು. ಸದ್ದಿನ ಮೇಲೆ ನಾನು ಕಟ್ಟಿದ ತೀರ್ಮಾನ ತಪ್ಪಿತ್ತು.

ಹೊಸ ಟೈಮರ್‌ಗೆ 400 ರೂಪಾಯಿ. ನಾಲ್ಕು ಪಿನ್ನಿನ ಜೋಡಣೆ ಎಲ್ಲ ಮಾಡೆಲ್‌ನಲ್ಲೂ ಒಂದೇ ಇರುವುದಿಲ್ಲ, ಅದಕ್ಕೆ ಹಳೆಯದನ್ನು ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡಿದ್ದೆ. ಕಾಯಿಲ್‌ನ ಐಸ್‌ಗೆ ಉಗುರುಬೆಚ್ಚಗಿನ ನೀರು ಹಾಕಿ ನಿಧಾನಕ್ಕೆ ಕರಗಿಸಿದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತಲು ಹೋಗಬೇಡಿ. ಕಾಯಿಲ್‌ಗೆ ತೂತು ಬಿದ್ದರೆ ಆಗ ಗ್ಯಾಸ್ ನಿಜವಾಗಿಯೂ ಹೋಗುತ್ತದೆ. ನೀರು ಇಳಿಯುವ ಪೈಪಿನ ಬಾಯಲ್ಲೂ ಐಸ್ ಇತ್ತು, ಅದನ್ನೂ ಬಿಡಿಸಿದೆ. ಈ ಸಲ ಕೂಲಿ ತೆಗೆದುಕೊಳ್ಳಲಿಲ್ಲ. ಗ್ಯಾಸ್ಕೆಟ್ ಹಣದಲ್ಲಿ ಟೈಮರ್ ಬೆಲೆ ಮುರಿದು ಉಳಿದ 500 ವಾಪಸ್ ಕೊಟ್ಟೆ. ಅಕ್ಕ ಬೇಡ ಅಂದರೂ ಕೊಟ್ಟೆ.

ಗೆದ್ದೆ ಅಂತ ಯಾವಾಗ ಹೇಳಬೇಕು

ಇದು ನನಗೆ ಬಹಳ ಮುಖ್ಯದ ಮಾತು. ಟೈಮರ್ ಹಾಕಿದ ದಿನ ಫ್ರಿಜ್ ತಂಪಾಯಿತು ನಿಜ. ಆದರೆ ಅದು ಗ್ಯಾಸ್ ತುಂಬಿದ ದಿನವೂ ತಂಪಾಗಿತ್ತು. ಹಾಗಾಗಿ ಆ ತಂಪಿಗೆ ನಾನು ಬೆಲೆ ಕೊಡಲಿಲ್ಲ. ಹೊಸ ಟೈಮರ್ ಅನ್ನು ಕೈಯಿಂದ ತಿರುಗಿಸಲೂ ಇಲ್ಲ. ಅದು ತಾನಾಗಿ ಬರಲಿ ಅಂತ ಬಿಟ್ಟೆ. ಹುಡುಗಿಗೆ ಒಂದು ಕೆಲಸ ಹೇಳಿದೆ: ಕಂಪ್ರೆಸರ್ ಪೂರ್ತಿ ನಿಂತು ಫ್ರೀಜರ್ ಹಿಂದೆ ಚುಂಯ್ ಸದ್ದು ಬಂದರೆ ಟೈಮ್ ಬರೆದಿಡು.

ಮಧ್ಯಾಹ್ನ 12ಕ್ಕೆ ಹಾಕಿದ್ದೆ. ರಾತ್ರಿ 10.50ಕ್ಕೆ ಸದ್ದು ಬಂತು ಅಂತ ಬರೆದಿದ್ದಳು. ಕಂಪ್ರೆಸರ್ ನಿಂತಾಗ ಈ ಟೈಮರ್ ಕೂಡ ನಿಲ್ಲುವುದರಿಂದ 8 ಗಂಟೆಗಿಂತ ಜಾಸ್ತಿ ಹೊತ್ತು ಹಿಡಿದಿತ್ತು. ಬಿಸಿ ಹಂಚಿನ ಮೇಲೆ ರೊಟ್ಟಿಗೆ ಸವರಿದ ನೀರು ಸಿಡಿದ ಹಾಗೆ ಅಂತ ಅವಳೇ ಬರೆದದ್ದು. 11.15ರ ಹೊತ್ತಿಗೆ ಕಂಪ್ರೆಸರ್ ಮತ್ತೆ ಶುರುವಾಗಿತ್ತು. ಬೆಳಿಗ್ಗೆ ಅಜ್ಜಿಯೇ ಫೋನ್ ಮಾಡಿದರು. "ತಮ್ಮಾ, ಟ್ರೇದಾಗ ನೀರ ನಿಂತಾವ ನೋಡಪಾ."

ಹನ್ನೊಂದನೆಯ ದಿನ ದಾಟಿತು. ಹದಿನಾಲ್ಕನೆಯ ದಿನ ನಾನೇ ಹೋಗಿ ಪ್ಯಾನೆಲ್ ಬಿಚ್ಚಿದೆ. ಕಾಯಿಲ್‌ನ ಒಂದೊಂದು ರೆಕ್ಕೆಯೂ ಎಣಿಸುವ ಹಾಗೆ ಕಾಣುತ್ತಿತ್ತು. ಮೇಲೆ ತೆಳ್ಳಗೆ ಬಿಳಿ ಮಂಜು, ಅಷ್ಟೇ. ಕೆಳಗೆ 4 ಡಿಗ್ರಿ. ಪಕ್ಕದ ಮನೆಯಲ್ಲಿದ್ದ ಇನ್ಸುಲಿನ್ ಆವತ್ತೇ ವಾಪಸ್ ತಂದರು. ಅದನ್ನು ನಡುವಿನ ತಟ್ಟೆಯಲ್ಲಿ, ತಂಪು ಗಾಳಿ ಬರುವ ಕಿಂಡಿಯಿಂದ ದೂರ ಇಡಲು ಹೇಳಿದೆ. ಕಿಂಡಿಯ ಎದುರು ಇಟ್ಟರೆ ಕೆಳಗಿದ್ದರೂ ಹೆಪ್ಪುಗಟ್ಟಬಹುದು.

ಈಗಿನ ಫ್ರಿಜ್‌ಗಳಲ್ಲಿ ಈ ಹಲ್ಲುಚಕ್ರದ ಟೈಮರ್ ಕಮ್ಮಿ. ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಮತ್ತು ಸೆನ್ಸರ್ ಇರುತ್ತವೆ. ಅಲ್ಲಿಯೂ ಇದೇ ಮೋಸ ಆಗುತ್ತದೆ. ಗುಂಡಿ ಒತ್ತಿ ಬಲವಂತದ ಡಿಫ್ರಾಸ್ಟ್ ಕೊಟ್ಟರೆ ಹೀಟರ್ ಹತ್ತುತ್ತದೆ, ಎಲ್ಲ ಸರಿ ಅನಿಸುತ್ತದೆ. ಬೋರ್ಡ್ ತಾನಾಗಿ ಅದನ್ನು ಶುರು ಮಾಡುತ್ತದಾ ಅನ್ನುವುದು ಬೇರೆ ಪ್ರಶ್ನೆ. ಹಾಗಾಗಿ ಈಗ ನಾನು ಯಾವ ಡಿಫ್ರಾಸ್ಟ್ ಕೆಲಸಕ್ಕೂ ಹದಿನೈದು ದಿನ ಬಿಟ್ಟು ಒಮ್ಮೆ ಹೋಗಿ ಬರುತ್ತೇನೆ. ಹಣದಲ್ಲಿ ಅರ್ಧ ಆವತ್ತೇ ತೆಗೆದುಕೊಳ್ಳುತ್ತೇನೆ. ಚೀಲದಲ್ಲಿ ಮಾರ್ಕರ್ ಪೆನ್ ಇದ್ದೇ ಇರುತ್ತದೆ.

ಏಪ್ರಿಲ್‌ನಲ್ಲಿ ಅದೇ ಮನೆಗೆ ಏರ್ ಕೂಲರ್ ನೋಡಲು ಕರೆದಿದ್ದರು. ಅಡುಗೆಮನೆಯ ಕ್ಯಾಲೆಂಡರ್ ಹಿಂದಕ್ಕೆ ತಿರುವಿ ನೋಡಿದೆ. ಫೆಬ್ರವರಿ, ಮಾರ್ಚ್ ಎರಡರಲ್ಲೂ ಹಾಲಿನ ಲೆಕ್ಕ ಬಿಟ್ಟು ಬೇರೇನೂ ಬರೆದಿರಲಿಲ್ಲ.